ಸದ್ದು ಮಾಡದ ದೋಷಗಳ ಬೆನ್ನು ಹತ್ತಿ

2017ರ ನವೆಂಬರ್ 9ರ ಬೆಳಿಗ್ಗೆ ಇಟಲಿಯ ಬೊಲೊನ್ಯಾ ನಗರದ ರಸ್ತೆಯೊಂದರ ಕೆಳಗೆ ನೀರು ಸರಬರಾಜಿನ ದೊಡ್ಡ ಕೊಳವೆ ಒಡೆಯಿತು. ಉಕ್ಕಿದ ನೀರು ತಗ್ಗು ಹುಡುಕುತ್ತ ಹರಿದು, ನೆಲಮಟ್ಟಕ್ಕಿಂತ ಕೆಳಗಿದ್ದ ಸಿಎನ್‌ಎಎಫ್ ಎಂಬ ಕಂಪ್ಯೂಟರ್ ಕೇಂದ್ರಕ್ಕೆ ನುಗ್ಗಿತು. ಅದು ಇಟಲಿಯ ರಾಷ್ಟ್ರೀಯ ಪರಮಾಣು ಭೌತವಿಜ್ಞಾನ ಸಂಸ್ಥೆಗೆ ಸೇರಿದ್ದು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಡೇಟಾವನ್ನು ಕಾಯ್ದಿಡುವ ಮುಖ್ಯ ಜಾಗಗಳಲ್ಲಿ ಒಂದು. ವಿದ್ಯುತ್ ಪೂರೈಕೆ ನಿಂತಿತು, ರ‍್ಯಾಕುಗಳ ಕೆಳಭಾಗದ ಯಂತ್ರಗಳು ಮುಳುಗಿದವು, ಟೇಪು ಭಂಡಾರದ ಕೆಳಸಾಲಿನ ಟೇಪುಗಳು ನೆನೆದವು. ಕೇಂದ್ರ ಹಂತಹಂತವಾಗಿ ಮತ್ತೆ ತೆರೆಯುವ ಹೊತ್ತಿಗೆ 2018 ಬಂದಿತ್ತು.

ಇಷ್ಟಾದರೂ ಸರ್ನ್‌ನ ದೊಡ್ಡ ಪ್ರಯೋಗಗಳ ಕೆಲಸ ನಿಂತುಹೋಗಲಿಲ್ಲ. ಬೊಲೊನ್ಯಾದಲ್ಲಿದ್ದ ಆ ಪ್ರಯೋಗಗಳ ಡೇಟಾದ ಬಹುಪಾಲಿಗೆ ಬೇರೆ ದೇಶಗಳಲ್ಲಿ ಇನ್ನೊಂದು ಪ್ರತಿ ಇತ್ತು. 2009ರ ಫೆಬ್ರವರಿಯಲ್ಲಿ ತೈಪೆಯ ಅಕಾಡೆಮಿಯಾ ಸಿನಿಕಾ ಕೇಂದ್ರದ ಯುಪಿಎಸ್ ಕೋಣೆಗೆ ಬೆಂಕಿ ಬಿದ್ದಾಗಲೂ ಹಾಗೆಯೇ ಆಗಿತ್ತು. ವಿಜ್ಞಾನದ ಡೇಟಾವನ್ನು ಹತ್ತಾರು ದೇಶಗಳಿಗೆ ಹಂಚಿ ಇಡುವ ವ್ಯವಸ್ಥೆ ಇಂಥ ದೊಡ್ಡ ಪೆಟ್ಟುಗಳನ್ನು ತಾಳಿಕೊಳ್ಳುತ್ತದೆ. ನೀರು, ಬೆಂಕಿ ಎರಡೂ ಗದ್ದಲ ಎಬ್ಬಿಸಿಕೊಂಡೇ ಬರುತ್ತವೆ; ಏನು ಕೆಟ್ಟಿದೆ ಎಂಬುದು ಎಲ್ಲರಿಗೂ ಕೂಡಲೇ ಗೊತ್ತಾಗುತ್ತದೆ. ಈ ವ್ಯವಸ್ಥೆಯನ್ನು ನಡೆಸುವವರು ನಿಜವಾಗಿ ಹೆದರುವುದು ಸದ್ದೇ ಮಾಡದ ದೋಷಗಳಿಗೆ.

ಮೊದಲು ಈ ಭಂಡಾರದ ಗಾತ್ರವನ್ನು ನೋಡಬೇಕು. ಸರ್ನ್‌ನ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿದೆ. ಅದರೊಳಗೆ ಪ್ರೋಟಾನ್ ಗುಂಪುಗಳು ಸೆಕೆಂಡಿಗೆ ಸುಮಾರು 4 ಕೋಟಿ ಸಲ ಎದುರುಬದುರಾಗುತ್ತವೆ. ಅದರಿಂದ ಹೊಮ್ಮುವ ಎಲ್ಲ ಮಾಹಿತಿಯನ್ನು ಇಟ್ಟುಕೊಳ್ಳುವ ಶಕ್ತಿ ಯಾವ ಯಂತ್ರಕ್ಕೂ ಇಲ್ಲ. ಸ್ಥಳದಲ್ಲೇ ಜರಡಿ ಹಿಡಿದು ಅತಿ ಸಣ್ಣ ಪಾಲನ್ನು ಮಾತ್ರ ಬರೆದಿಡುತ್ತಾರೆ. ಆ ಸಣ್ಣ ಪಾಲೇ ಬೆಟ್ಟದಷ್ಟಾಗುತ್ತದೆ. ಸರ್ನ್‌ನ ಡಿಸ್ಕ್ ಭಂಡಾರದ ಸಾಮರ್ಥ್ಯವೊಂದೇ 2023ರಲ್ಲಿ ಒಂದು ಎಕ್ಸಾಬೈಟ್, ಅಂದರೆ ಹತ್ತು ಲಕ್ಷ ಟೆರಾಬೈಟ್ ದಾಟಿತು. ಅದಕ್ಕೆ ಬಳಸಿದ ಸಾಧನಗಳ ಸಂಖ್ಯೆ ಸುಮಾರು 1,11,000. ಹೆಚ್ಚಿನವು ಮಾಮೂಲಿ ಹಾರ್ಡ್ ಡಿಸ್ಕುಗಳೇ. ಲಕ್ಷ ಡಿಸ್ಕು ಇರುವ ಕಡೆ ದಿನಕ್ಕೆ ಕೆಲವು ಕೆಡದೆ ಇರುವುದಿಲ್ಲ. ಯಾವಾಗಲೂ ಯಾವುದೋ ಒಂದು ಮೂಲೆಯಲ್ಲಿ ಏನೋ ಒಂದು ಕೆಟ್ಟಿರುತ್ತದೆ ಎಂದು ಗಣಿಸಿಯೇ ಇಂಥ ಭಂಡಾರವನ್ನು ಕಟ್ಟಬೇಕಾಗುತ್ತದೆ.

ಆದರೂ ಸರ್ನ್ ಒಂದರಲ್ಲೇ ಎಲ್ಲವನ್ನೂ ಇಡಲಾಗದು. ಕೊಲೈಡರ್ ಕಟ್ಟಿ ಮುಗಿಯುವ ಮೊದಲೇ, 1990ರ ದಶಕದ ಕೊನೆಯಲ್ಲಿ, ವಿಜ್ಞಾನಿಗಳು ಇದನ್ನು ಲೆಕ್ಕ ಹಾಕಿದ್ದರು. ಒಂದೇ ಕಡೆ ಅಷ್ಟು ಹಣ, ಅಷ್ಟು ವಿದ್ಯುತ್, ಅಷ್ಟು ಜನ ಸಿಗುವಂತಿರಲಿಲ್ಲ. ಮೇಲಾಗಿ ಪ್ರತಿ ದೇಶಕ್ಕೂ ತನ್ನ ಹಣ ತನ್ನ ನೆಲದಲ್ಲೇ ಖರ್ಚಾಗಿ, ತನ್ನ ಎಂಜಿನಿಯರುಗಳು ಪಳಗಲಿ ಎಂಬ ಆಸೆ. ಹೀಗೆ ಹುಟ್ಟಿದ್ದು ವರ್ಲ್ಡ್‌ವೈಡ್ ಎಲ್‌ಎಚ್‌ಸಿ ಕಂಪ್ಯೂಟಿಂಗ್ ಗ್ರಿಡ್. ಇದರಲ್ಲಿ ನಲವತ್ತಕ್ಕೂ ಹೆಚ್ಚು ದೇಶಗಳ ಸುಮಾರು 170 ಕೇಂದ್ರಗಳಿವೆ. ಸರ್ನ್ ಇದರ ಸೊನ್ನೆಯ ಮಟ್ಟ, ಅಂದರೆ ಟಿಯರ್-0. ಬೊಲೊನ್ಯಾದಂಥ ಹತ್ತಕ್ಕೂ ಹೆಚ್ಚು ದೊಡ್ಡ ಕೇಂದ್ರಗಳು ಟಿಯರ್-1. ವಿಶ್ವವಿದ್ಯಾಲಯಗಳಲ್ಲೂ ಸಂಶೋಧನಾ ಸಂಸ್ಥೆಗಳಲ್ಲೂ ಇರುವ ಉಳಿದ ಕೇಂದ್ರಗಳು ಟಿಯರ್-2. ಭಾರತದಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಕೊಲೈಡರಿನ ಸಿಎಂಎಸ್ ಪ್ರಯೋಗಕ್ಕೂ, ಕೋಲ್ಕತ್ತದ ವೇರಿಯಬಲ್ ಎನರ್ಜಿ ಸೈಕ್ಲೋಟ್ರಾನ್ ಸೆಂಟರ್ ಅಲಿಸ್ ಪ್ರಯೋಗಕ್ಕೂ ಟಿಯರ್-2 ಕೇಂದ್ರ ನಡೆಸುತ್ತವೆ. 2012ರ ಜುಲೈ 4ರಂದು ಹಿಗ್ಸ್ ಬೋಸಾನ್ ಸಿಕ್ಕಿತೆಂದು ಸಾರಿದಾಗ ಆ ಫಲಿತಾಂಶದ ಹಿಂದೆ ಈ ಗ್ರಿಡ್ ಕೂಡ ಇತ್ತು.

ಒಂದು ಕೇಂದ್ರದಲ್ಲಿ ಭಂಡಾರ ಕಟ್ಟುವುದೆಂದರೆ ಡಿಸ್ಕು ತಂದು ಜೋಡಿಸುವುದಷ್ಟೇ ಎಂದು ಹೊರಗಿನವರಿಗೆ ಅನ್ನಿಸಬಹುದು. ಅದು ಕೆಲಸದ ಸುಲಭದ ಭಾಗ. ಜರ್ಮನಿಯ ಡೇಸಿ ಮತ್ತು ಅಮೆರಿಕದ ಫರ್ಮಿಲ್ಯಾಬ್ ಸೇರಿ ರೂಪಿಸಿದ ಡಿ-ಕ್ಯಾಶ್ ಎಂಬ ತಂತ್ರಾಂಶವನ್ನು ನೋಡಿದರೆ ಕಷ್ಟದ ಭಾಗ ಯಾವುದೆಂದು ಗೊತ್ತಾಗುತ್ತದೆ. ಅದರಲ್ಲಿ ಡೇಟಾ ಇರುವ ಸರ್ವರುಗಳಿಗೆ ಪೂಲ್ ಎನ್ನುತ್ತಾರೆ. ಹೊರಗಿನವರು ಬಂದು ಫೈಲು ಕೇಳುವ ಕಡೆಗೆ ಡೋರ್ ಎಂಬ ಹೆಸರು. ಯಾವ ಫೈಲು ಯಾವ ಪೂಲಿನಲ್ಲಿದೆ ಎಂಬ ಲೆಕ್ಕವೆಲ್ಲ ನೇಮ್‌ಸ್ಪೇಸ್ ಎಂಬ ಒಂದು ಡೇಟಾಬೇಸಿನಲ್ಲಿ. ಬಳಕೆದಾರನಿಗೆ ಕಾಣುವುದು ಒಂದೇ ದೊಡ್ಡ ಫೋಲ್ಡರ್. ಅದರ ಹಿಂದೆ ನೂರಾರು ಯಂತ್ರಗಳಿರಬಹುದು. ಆ ಯಂತ್ರಗಳು ಒಂದೇ ಊರಿನಲ್ಲಿ ಇರಬೇಕೆಂದೂ ಇಲ್ಲ. ಡೆನ್ಮಾರ್ಕ್, ಸ್ವೀಡನ್, ನಾರ್ವೆ, ಫಿನ್‌ಲೆಂಡ್ ದೇಶಗಳು ಸೇರಿ ನಡೆಸುವ ಟಿಯರ್-1 ಕೇಂದ್ರಕ್ಕೆ ಒಂದೇ ಡಿ-ಕ್ಯಾಶ್. ಅದರ ಪೂಲುಗಳು ಆ ದೇಶಗಳ ಬೇರೆ ಬೇರೆ ಊರುಗಳಲ್ಲಿ ಹರಡಿವೆ.

ಪೂಲಿನ ಡಿಸ್ಕಿನೊಳಗೆ ಇಣುಕಿದರೆ ಅಲ್ಲಿ ಪ್ರಯೋಗದ ಹೆಸರೂ ಇರುವುದಿಲ್ಲ, ವರ್ಷವೂ ಇರುವುದಿಲ್ಲ. ಪ್ರತಿ ಫೈಲಿಗೂ ಅಂಕಿ ಅಕ್ಷರ ಬೆರೆತ ಉದ್ದನೆಯದೊಂದು ಗುರುತು, ಅಷ್ಟೇ. ಆ ಗುರುತು ಯಾವ ಘರ್ಷಣೆಯ ಡೇಟಾಕ್ಕೆ ಸೇರಿದ್ದು ಎಂದು ಹೇಳಬಲ್ಲದ್ದು ನೇಮ್‌ಸ್ಪೇಸ್ ಮಾತ್ರ. ಪೆಟಾಬೈಟುಗಟ್ಟಲೆ ಡಿಸ್ಕಿಗೆ ಹೋಲಿಸಿದರೆ ಈ ಡೇಟಾಬೇಸ್ ತೀರ ಚಿಕ್ಕದು. ಅದು ಹಾಳಾದರೆ ಎಲ್ಲ ಡಿಸ್ಕುಗಳೂ ನೆಟ್ಟಗಿದ್ದರೂ ಡೇಟಾ ಇಲ್ಲದಂತೆಯೇ. ಹೊಸದಾಗಿ ಕೇಂದ್ರ ಕಟ್ಟುವವರು ಮೊದಲು ಕಾಳಜಿ ಮಾಡಬೇಕಾದ್ದು ಈ ಡೇಟಾಬೇಸಿನ ಬ್ಯಾಕಪ್ಪಿನ ಬಗ್ಗೆ. ಅದನ್ನು ಮತ್ತೆ ಎತ್ತಿ ನಿಲ್ಲಿಸಿ ನೋಡಿದ್ದಾರೆಯೇ ಎಂಬುದರ ಬಗ್ಗೆ. ಒಮ್ಮೆಯೂ ಪರೀಕ್ಷಿಸದ ಬ್ಯಾಕಪ್ಪನ್ನು ಲೆಕ್ಕಕ್ಕೆ ಹಿಡಿಯಬಾರದು.

ಡಿಸ್ಕು ಕೆಡುವುದಕ್ಕೆ ಪರಿಹಾರ ಹಲವು. ಪ್ರತಿ ಫೈಲಿಗೂ ಎರಡು ಪ್ರತಿ ಇಟ್ಟರೆ ಖರ್ಚು ದುಪ್ಪಟ್ಟು. ಅಲಿಸ್ ಪ್ರಯೋಗದ ದೊಡ್ಡ ಭಂಡಾರಕ್ಕೆ ಸರ್ನ್ ಬಳಸುವ ವಿಧಾನ ಹೆಚ್ಚು ಜಾಣತನದ್ದು: ಫೈಲನ್ನು ಹತ್ತು ತುಂಡು ಮಾಡಿ, ಆ ಹತ್ತರಿಂದ ಲೆಕ್ಕ ಹಾಕಿ ತೆಗೆದ ಇನ್ನೆರಡು ತುಂಡು ಸೇರಿಸಿ, ಹನ್ನೆರಡನ್ನೂ ಬೇರೆ ಬೇರೆ ಕಡೆ ಇಡುವುದು. ಯಾವ ಎರಡು ತುಂಡು ಕಳೆದುಹೋದರೂ ಉಳಿದ ಹತ್ತರಿಂದ ಫೈಲು ಪೂರ್ತಿ ಮರಳಿ ಬರುತ್ತದೆ. ಹೆಚ್ಚುವರಿ ಜಾಗ ಶೇಕಡ 20 ಮಾತ್ರ. ಆದರೆ ಹನ್ನೆರಡು ತುಂಡುಗಳಲ್ಲಿ ಮೂರು ಒಂದೇ ಸರ್ವರಿನಲ್ಲಿ ಕುಳಿತಿದ್ದರೆ, ಆ ಸರ್ವರ್ ಕೆಟ್ಟ ದಿನ ಫೈಲು ಓದಲು ಬಾರದು. ಕಟ್ಟುವಾಗ ಮಾಡಿದ ಇಂಥ ಎಡವಟ್ಟು ಹೊರಬೀಳಲು ವರ್ಷಗಳೇ ಹಿಡಿಯಬಹುದು.

ಕೇಂದ್ರಗಳ ಮೇಲೆ ಇನ್ನೊಂದು ಪದರವಿದೆ. ಅಟ್ಲಾಸ್ ಪ್ರಯೋಗದವರು ಬರೆದು, ಆಮೇಲೆ ಸಿಎಂಎಸ್ ಕೂಡ ಒಪ್ಪಿಕೊಂಡ ರೂಸಿಯೋ ಎಂಬ ತಂತ್ರಾಂಶ ಎಲ್ಲ ಕೇಂದ್ರಗಳ ಒಟ್ಟು ಲೆಕ್ಕ ಇಡುತ್ತದೆ. ಅದಕ್ಕೆ ನಿಯಮ ಹೇಳಿದರೆ ಸಾಕು: ಈ ಡೇಟಾಕ್ಕೆ ಎರಡು ಪ್ರತಿ ಇರಲಿ, ಒಂದು ಟೇಪಿನಲ್ಲಿರಲಿ, ಇನ್ನೊಂದು ಬೇರೆ ದೇಶದ ಡಿಸ್ಕಿನಲ್ಲಿರಲಿ. ಸಾಗಣೆಯ ಕೆಲಸ ಎಫ್‌ಟಿಎಸ್ ಎಂಬ ಇನ್ನೊಂದು ಸೇವೆಯದು. ಒಂದು ಕೇಂದ್ರದಿಂದ ಇನ್ನೊಂದು ಕೇಂದ್ರಕ್ಕೆ ಫೈಲು ನೇರವಾಗಿ ಹೋಗುವಂತೆ ಅದು ನೋಡಿಕೊಳ್ಳುತ್ತದೆ, ಸೋತರೆ ಮತ್ತೆ ಪ್ರಯತ್ನಿಸುತ್ತದೆ, ಸೋಲಿನ ಕಾರಣವನ್ನು ಲಾಗಿನಲ್ಲಿ ಬರೆಯುತ್ತದೆ. ದೋಷ ಹುಡುಕುವವರ ದಿನ ಶುರುವಾಗುವುದು ಆ ಲಾಗಿನಿಂದ.

ಅಲ್ಲಿ ಕಾಣುವ ಹಳೆಯ ಪರಿಚಯದ ತೊಂದರೆ ಸರ್ಟಿಫಿಕೇಟಿನದು. ಗ್ರಿಡ್‌ನಲ್ಲಿ ಸರ್ವರುಗಳೂ ಮನುಷ್ಯರೂ ತಾವು ಯಾರೆಂದು ತೋರಿಸಲು ಡಿಜಿಟಲ್ ಸರ್ಟಿಫಿಕೇಟ್ ಇಟ್ಟುಕೊಂಡಿರಬೇಕು. ಅವನ್ನು ಕೊಡುವ ಸಂಸ್ಥೆಗಳು ದೇಶಕ್ಕೊಂದರಂತೆ ಹುಟ್ಟಿಕೊಂಡವು. ಭಾರತದಲ್ಲಿ ಆ ಹೊಣೆ ಹೊತ್ತಿದ್ದು ಇಂಡಿಯನ್ ಗ್ರಿಡ್ ಸರ್ಟಿಫಿಕೇಶನ್ ಅಥಾರಿಟಿ. ಅದನ್ನು ನಡೆಸಿದ್ದು ಬೆಂಗಳೂರಿನ ಸಿ-ಡ್ಯಾಕ್. ದೇಶದ ಸಂಶೋಧನಾ ಸಂಸ್ಥೆಗಳನ್ನು ಬೆಸೆಯಲು ಹೊರಟ ಗರುಡ ಗ್ರಿಡ್ ಯೋಜನೆಯ ಕೇಂದ್ರವೂ ಬೆಂಗಳೂರಿನ ಸಿ-ಡ್ಯಾಕೇ. ಸರ್ವರಿನ ಸರ್ಟಿಫಿಕೇಟಿನ ಆಯಸ್ಸು ಹೆಚ್ಚುಕಡಿಮೆ ಒಂದು ವರ್ಷ. ನವೀಕರಿಸಲು ಮರೆತರೆ ಗಡುವಿನ ಕ್ಷಣಕ್ಕೆ ಎಲ್ಲ ಕಡೆಯಿಂದಲೂ ಸಾಗಣೆ ಬಂದ್ ಆಗುತ್ತದೆ.

ಇದರಲ್ಲಿ ಸೂಕ್ಷ್ಮವೊಂದಿದೆ. ರದ್ದಾದ ಸರ್ಟಿಫಿಕೇಟುಗಳ ಪಟ್ಟಿಯನ್ನು ಪ್ರತಿ ಸರ್ವರೂ ಆಗಾಗ ಇಳಿಸಿಕೊಳ್ಳುತ್ತಿರಬೇಕು, ಆ ಪಟ್ಟಿಗೂ ಅವಧಿ ಇರುತ್ತದೆ. ಒಂದು ಸರ್ವರಿನಲ್ಲಿ ಈ ಕೆಲಸ ನಿಂತುಹೋಗಿದ್ದರೆ, ಅವಧಿ ಮುಗಿದ ದಿನ ಒಂದು ದೇಶದ ಸರ್ಟಿಫಿಕೇಟು ಇರುವವರೆಲ್ಲ ಆ ಒಂದು ಸರ್ವರಿನಲ್ಲಿ ಮಾತ್ರ ಬಾಗಿಲಾಚೆ ಉಳಿಯುತ್ತಾರೆ. ಸರ್ವರಿನ ಗಡಿಯಾರ ಕೆಲವು ನಿಮಿಷ ಹಿಂದೆ ಬಿದ್ದಿದ್ದರೂ ಫಲ ಇದೇ. ಬಳಕೆದಾರನ ಪರವಾಗಿ ಆಗಷ್ಟೇ ಹುಟ್ಟಿದ ತಾತ್ಕಾಲಿಕ ಪ್ರಾಕ್ಸಿ ಸರ್ಟಿಫಿಕೇಟು ಅದರ ಕಣ್ಣಿಗೆ ಇನ್ನೂ ಹುಟ್ಟಿಯೇ ಇಲ್ಲ. ಅನುಭವಿಗಳು ಲಾಗಿನಲ್ಲಿ ದೃಢೀಕರಣ ಸೋತಿತು ಎಂಬ ಸಾಲು ಕಂಡೊಡನೆ ಮೊದಲು ಗಡಿಯಾರ ನೋಡುತ್ತಾರೆ, ಆಮೇಲೆ ಪಟ್ಟಿಯ ದಿನಾಂಕ, ಆಮೇಲೆ ಸರ್ಟಿಫಿಕೇಟು. ಇವು ಸುಲಭದ ದೋಷಗಳು. ಬಾಯಿಬಿಟ್ಟು ಹೇಳಿಕೊಳ್ಳುತ್ತವೆ.

ನೆಟ್‌ವರ್ಕಿನ ದೋಷಗಳು ಅಷ್ಟು ಒಳ್ಳೆಯವಲ್ಲ. ಸಾಮಾನ್ಯ ಜಾಲದಲ್ಲಿ ಒಂದು ಪ್ಯಾಕೆಟಿನ, ಅಂದರೆ ಒಮ್ಮೆಗೆ ಸಾಗುವ ಡೇಟಾ ತುಂಡಿನ, ಮಿತಿ 1500 ಬೈಟ್. ದೊಡ್ಡ ಡೇಟಾ ಸಾಗಿಸುವವರು ಅದನ್ನು 9000ಕ್ಕೆ ಏರಿಸುತ್ತಾರೆ; ಅದಕ್ಕೆ ಜಂಬೋ ಫ್ರೇಮ್ ಎಂದು ಹೆಸರು. ಈ ತುದಿಯ ಸರ್ವರಿಗೂ ಆ ತುದಿಯ ಸರ್ವರಿಗೂ 9000 ಎಂದು ಹೇಳಿದೆ, ನಡುವಿನ ಒಂದು ರೌಟರ್ ಮಾತ್ರ 1500ರಲ್ಲೇ ಉಳಿದಿದೆ ಎಂದಿಟ್ಟುಕೊಳ್ಳಿ. ಆಗ ಸಂಪರ್ಕ ಏರ್ಪಡುತ್ತದೆ, ಲಾಗಿನ್ ಆಗುತ್ತದೆ, ಫೈಲುಗಳ ಪಟ್ಟಿ ಬರುತ್ತದೆ, ನೂರು ಬೈಟಿನ ಪರೀಕ್ಷಾ ಫೈಲು ಸಲೀಸಾಗಿ ದಾಟುತ್ತದೆ. ಎರಡು ಗಿಗಾಬೈಟಿನ ನಿಜವಾದ ಫೈಲು ಮಾತ್ರ ಮೊದಲ ದೊಡ್ಡ ಪ್ಯಾಕೆಟಿಗೇ ನಿಂತು, ಕಾಲಮಿತಿ ಮೀರಿ ಸೋಲುತ್ತದೆ. ಪ್ಯಾಕೆಟ್ ದೊಡ್ಡದಾಯಿತೆಂದು ಕಳಿಸಿದವರಿಗೆ ತಿಳಿಸುವ ಸಂದೇಶವೊಂದು ಇರಬೇಕಾಗಿತ್ತು. ಸುರಕ್ಷತೆಯ ಹೆಸರಿನಲ್ಲಿ ಯಾವುದೋ ಫೈರ್‌ವಾಲ್ ಅದನ್ನು ತಡೆದಿರುತ್ತದೆ. ಇದನ್ನು ಹಿಡಿಯಲು ಒಂದು ಸರಳ ಪರೀಕ್ಷೆಯಿದೆ. ಒಡೆಯಬಾರದು ಎಂಬ ಷರತ್ತು ಹಾಕಿ 8972 ಬೈಟಿನ ಪಿಂಗ್ ಎಂಬ ಪರೀಕ್ಷಾ ಪ್ಯಾಕೆಟ್ ಕಳಿಸುವುದು. ತಲೆಬರಹದ 28 ಬೈಟ್ ಸೇರಿ ಅದು ಸರಿಯಾಗಿ 9000 ಆಗುತ್ತದೆ. ಅದಕ್ಕೆ ಉತ್ತರವಿಲ್ಲದೆ 1472 ಬೈಟಿನದಕ್ಕೆ ಉತ್ತರ ಬಂದರೆ ದೋಷ ಡಿಸ್ಕಿನಲ್ಲೂ ಇಲ್ಲ, ತಂತ್ರಾಂಶದಲ್ಲೂ ಇಲ್ಲ. ನಡುವಿನ ರೌಟರು, ಸ್ವಿಚ್ಚುಗಳತ್ತ ಹೋಗಬೇಕು.

ದೂರವೂ ತನ್ನ ಸುಂಕ ಕೇಳುತ್ತದೆ. ಮುಂಬೈಯಿಂದ ಜಿನೀವಾಕ್ಕೆ ಹೋಗಿಬರಲು ಒಂದು ಪ್ಯಾಕೆಟಿಗೆ 150 ಮಿಲಿಸೆಕೆಂಡ್ ಬೇಕೆಂದುಕೊಳ್ಳೋಣ. 10 ಗಿಗಾಬಿಟ್ ಮಾರ್ಗವನ್ನು ಪೂರ್ತಿ ತುಂಬಬೇಕಾದರೆ ಉತ್ತರ ಬರುವ ಮೊದಲೇ ಸುಮಾರು 190 ಮೆಗಾಬೈಟ್ ದಾರಿಯಲ್ಲಿರಬೇಕು. ಸರ್ವರಿನಲ್ಲಿ ಅದಕ್ಕೆ ಕೊಟ್ಟ ಮೆಮೊರಿ 4 ಮೆಗಾಬೈಟ್ ಮಾತ್ರ ಆಗಿದ್ದರೆ ಒಂದು ಸಂಪರ್ಕದಲ್ಲಿ ಸೆಕೆಂಡಿಗೆ 27 ಮೆಗಾಬೈಟ್ ದಾಟುವುದಿಲ್ಲ. 1250 ಹೋಗಬಹುದಾದ ಕಡೆ 27. ಯಾವ ಲಾಗಿನಲ್ಲೂ ದೋಷವೆಂದು ಬರುವುದಿಲ್ಲ, ಏಕೆಂದರೆ ಏನೂ ಸೋತಿಲ್ಲ. ಎಲ್ಲವೂ ನಿಧಾನ, ಅಷ್ಟೇ. ಅಮೆರಿಕದ ಇಂಧನ ಇಲಾಖೆಯ ಇಎಸ್‌ನೆಟ್ ಜಾಲದಲ್ಲಿ ಒಮ್ಮೆ ರೌಟರೊಂದರ ಕಾರ್ಡು 22,000 ಪ್ಯಾಕೆಟಿಗೆ ಒಂದರಂತೆ ಕಳೆದುಕೊಳ್ಳುತ್ತಿತ್ತು. ಪ್ರತಿಶತ ಲೆಕ್ಕದಲ್ಲಿ ಸುಮಾರು 0.0045. ಹತ್ತಿರದ ಊರಿನವರಿಗೆ ಅದರ ಅರಿವೇ ಆಗಲಿಲ್ಲ. ದೂರದ ಸಾಗಣೆಗಳ ವೇಗ ಮಾತ್ರ ನೆಲಕಚ್ಚಿತು. ಇಂಥದ್ದನ್ನು ಪತ್ತೆ ಹಚ್ಚಲೆಂದೇ ಗ್ರಿಡ್ ಕೇಂದ್ರಗಳು ಪರ್ಫ್‌ಸೋನಾರ್ ಎಂಬ ತಂತ್ರಾಂಶ ಹಾಕಿದ ಯಂತ್ರಗಳನ್ನು ಇಟ್ಟು, ಹಗಲೂ ರಾತ್ರಿ ಪರಸ್ಪರ ಅಳೆಯುತ್ತಿರುತ್ತವೆ.

ಇನ್ನು ಪೂರ್ತಿ ಮೌನವಾಗಿರುವ ದೋಷಗಳು. ಡಿಸ್ಕಿಗೆ ಬರೆದದ್ದು ಒಂದು, ಓದಿದಾಗ ಬಂದದ್ದು ಇನ್ನೊಂದು. ನಡುವೆ ಡಿಸ್ಕಾಗಲಿ ಸರ್ವರಾಗಲಿ ತಪ್ಪಾಯಿತೆಂದು ಹೇಳುವುದೇ ಇಲ್ಲ. 2007ರಲ್ಲಿ ಸರ್ನ್ ತನ್ನ ಯಂತ್ರಗಳಲ್ಲಿ ಇದನ್ನು ಪಟ್ಟುಹಿಡಿದು ಹುಡುಕಿತು. ಮೂರು ಸಾವಿರಕ್ಕೂ ಹೆಚ್ಚು ಯಂತ್ರಗಳಲ್ಲಿ ಎರಡು ಗಂಟೆಗೊಮ್ಮೆ ಎರಡು ಗಿಗಾಬೈಟಿನ ಗೊತ್ತಿರುವ ಮಾದರಿಯನ್ನು ಬರೆದು, ಓದಿ, ತಾಳೆ ನೋಡಿದರು. ಐದು ವಾರಗಳಲ್ಲಿ ನೂರರಷ್ಟು ಯಂತ್ರಗಳಲ್ಲಿ ಸುಮಾರು 500 ತಪ್ಪುಗಳು ಸಿಕ್ಕವು. ಹೆಚ್ಚಿನವಕ್ಕೆ ಕಾರಣ ಡಿಸ್ಕಿನೊಳಗಿನ ತಂತ್ರಾಂಶವಾದ ಫರ್ಮ್‌ವೇರಿಗೂ ಹಲವು ಡಿಸ್ಕುಗಳನ್ನು ಒಟ್ಟಾಗಿ ನಡೆಸುವ ರೇಯ್ಡ್ ಕಂಟ್ರೋಲರಿಗೂ ಹೊಂದಾಣಿಕೆ ಇಲ್ಲದಿದ್ದುದು. ಅದೇ ಅಧ್ಯಯನದಲ್ಲಿ 33,700 ಫೈಲುಗಳನ್ನು, ಒಟ್ಟು 8.7 ಟೆರಾಬೈಟನ್ನು, ಮತ್ತೆ ಓದಿ ಪರಿಶೀಲಿಸಿದಾಗ 22 ಫೈಲುಗಳು ಬರೆದಂತೆ ಇರಲಿಲ್ಲ. ಸುಮಾರು 1500 ಫೈಲಿಗೆ ಒಂದು. ಮನೆಯ ಫೋಟೊ ಆಗಿದ್ದರೆ ಒಂದು ಚುಕ್ಕೆ ಬಣ್ಣ ಬದಲಾಗಿ ಯಾರಿಗೂ ತಿಳಿಯದೆ ಹೋಗಬಹುದು. ಕೋಟ್ಯಂತರ ಘರ್ಷಣೆಗಳ ನಡುವೆ ಅಪರೂಪದ್ದೊಂದನ್ನು ಹುಡುಕುವವರಿಗೆ, ಒತ್ತಿ ಕಿರಿದು ಮಾಡಿಟ್ಟ ಫೈಲಿನಲ್ಲಿ ಒಂದು ಬಿಟ್ ತಿರುವಿದರೂ ದೊಡ್ಡ ತುಂಡೇ ಓದಲು ಬಾರದಂತಾಗುತ್ತದೆ.

ಇದಕ್ಕೆ ಗ್ರಿಡ್ ಕಂಡುಕೊಂಡ ಕಾವಲು ಚೆಕ್‌ಸಮ್. ಫೈಲಿನ ಎಲ್ಲ ಬೈಟುಗಳನ್ನು ಒಂದು ಲೆಕ್ಕದಲ್ಲಿ ಹಾಯಿಸಿದರೆ ಕೊನೆಗೆ ಎಂಟು ಅಕ್ಷರಗಳ ಒಂದು ಗುರುತು ಸಿಗುತ್ತದೆ. ಬಹುತೇಕ ಬಳಸುವ ಲೆಕ್ಕದ ಹೆಸರು ಆಡ್ಲರ್-32. ಫೈಲು ಹುಟ್ಟಿದಾಗಲೇ ಅದನ್ನು ಬರೆದಿಟ್ಟು, ಸಾಗಣೆಯ ಆಚೆ ತುದಿಯಲ್ಲಿ ಮತ್ತೆ ಲೆಕ್ಕ ಹಾಕಿ ಹೋಲಿಸುತ್ತಾರೆ. ಕೆಟ್ಟದ್ದೆಂದು ಕಂಡರೆ ಬೇರೆ ದೇಶದ ಒಳ್ಳೆಯ ಪ್ರತಿಯಿಂದ ಹೊಸದಾಗಿ ತರಿಸುತ್ತಾರೆ. ಆದರೆ ಯಾರೂ ಓದದ ಫೈಲನ್ನು ಯಾರೂ ಹೋಲಿಸುವುದಿಲ್ಲ. ಆದ್ದರಿಂದ ಒಳ್ಳೆಯ ಕೇಂದ್ರಗಳು ಬಿಡುವಿನ ವೇಳೆಯಲ್ಲಿ ಡಿಸ್ಕಿನ ಎಲ್ಲ ಫೈಲುಗಳನ್ನೂ ತಾವಾಗಿಯೇ ಓದಿ ನೋಡುವ ಕೆಲಸವನ್ನು ನಿರಂತರ ಹಚ್ಚಿರುತ್ತವೆ. ಈ ಕೆಲಸಕ್ಕೆ ಡಿಸ್ಕಿನ ವೇಗ ವ್ಯಯವಾಗುತ್ತದೆಂದು ನಿಲ್ಲಿಸುವುದು ತೀರ ದುಬಾರಿ ಉಳಿತಾಯ.

ಕಿರಾಣಿ ಅಂಗಡಿಯವರು ವರ್ಷಕ್ಕೊಮ್ಮೆ ಲೆಕ್ಕಪುಸ್ತಕ ಹಿಡಿದು ಗೋಡೌನಿನ ಮೂಟೆ ಎಣಿಸುವಂತೆ ಗ್ರಿಡ್ ಕೂಡ ಎಣಿಸಬೇಕಾಗುತ್ತದೆ. ರೂಸಿಯೋದ ಪಟ್ಟಿಯಲ್ಲಿದ್ದು ಡಿಸ್ಕಿನಲ್ಲಿ ಇಲ್ಲದ್ದು ಕಳೆದುಹೋದ ಫೈಲು. ಡಿಸ್ಕಿನಲ್ಲಿದ್ದು ಯಾವ ಪಟ್ಟಿಯಲ್ಲೂ ಇಲ್ಲದ್ದಕ್ಕೆ ಡಾರ್ಕ್ ಡೇಟಾ ಎನ್ನುತ್ತಾರೆ. ಅರ್ಧಕ್ಕೆ ಸೋತ ಸಾಗಣೆ, ಅಳಿಸು ಎಂದು ಹೇಳಿದರೂ ಅಳಿಸದ ಸರ್ವರ್, ಹಿಂದಿನ ಬ್ಯಾಕಪ್ಪಿನಿಂದ ಎತ್ತಿದ ನೇಮ್‌ಸ್ಪೇಸ್, ಇವೆಲ್ಲ ಅದನ್ನು ಹೆರುತ್ತವೆ. ತಾಳೆ ನೋಡುವಾಗಲೂ ಎಚ್ಚರ ಬೇಕು. ಡಿಸ್ಕಿನ ಪಟ್ಟಿ ಸೋಮವಾರದ್ದು, ರೂಸಿಯೋದ ಪಟ್ಟಿ ಭಾನುವಾರದ್ದು ಆಗಿದ್ದರೆ ನಡುವೆ ಬಂದ ಒಳ್ಳೆಯ ಫೈಲುಗಳೆಲ್ಲ ಡಾರ್ಕ್ ಎಂದು ತೋರಿ, ಅಳಿಸುವ ಪಟ್ಟಿಗೆ ಸೇರಿಬಿಡುತ್ತವೆ. ಡಿಸ್ಕನ್ನು ಪಟ್ಟಿ ಮಾಡುವ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ರೂಸಿಯೋದ ಪಟ್ಟಿ ತೆಗೆದು, ಎರಡರಲ್ಲೂ ಇಲ್ಲದ್ದನ್ನು ಮಾತ್ರ ಡಾರ್ಕ್ ಎಂದು ಸಾರುವುದು ಈಗಿನ ಪದ್ಧತಿ.

ಇಷ್ಟೊಂದು ಕೇಂದ್ರಗಳ ಆರೋಗ್ಯ ನೋಡುವ ಸಾಧನಗಳಲ್ಲಿ ಭಾರತದ ಪಾಲಿದೆ. ಸರ್ನ್ ಜೊತೆಗೂಡಿ ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಗ್ರಿಡ್‌ವ್ಯೂ ಎಂಬ ತಂತ್ರಾಂಶ ಬರೆದರು; ಯಾವ ಕೇಂದ್ರ ಎಷ್ಟು ಹೊತ್ತು ಸರಿಯಾಗಿ ನಡೆಯಿತು, ಎಷ್ಟು ಡೇಟಾ ಸಾಗಿತು ಎಂಬ ಚಿತ್ರ ಗ್ರಿಡ್‌ನ ಮೊದಲ ವರ್ಷಗಳಲ್ಲಿ ಅದರಲ್ಲಿ ಕಾಣುತ್ತಿತ್ತು. ಇಂಥ ಹಸಿರು-ಕೆಂಪು ಫಲಕಗಳಿಂದ ಉಪಕಾರ ದೊಡ್ಡದು. ಆದರೆ ಚಿಕ್ಕ ಪರೀಕ್ಷಾ ಫೈಲು ದಾಟಿದರೆ ಹಸಿರು ತೋರಿಸುವ ಫಲಕ ಜಂಬೋ ಫ್ರೇಮ್ ದೋಷವನ್ನು ಎಂದಿಗೂ ತೋರಿಸಲಾರದು. ಫಲಕ ಹಸಿರಿದ್ದು ಬಳಕೆದಾರ ದೂರುತ್ತಿದ್ದರೆ, ನಂಬಬೇಕಾದ್ದು ಬಳಕೆದಾರನನ್ನು.

ಈಗ ಈ ಭಂಡಾರದ ಒಳಗೆಲ್ಲ ಬದಲಾವಣೆ ನಡೆದಿದೆ. ವರ್ಷಗಟ್ಟಲೆ ದುಡಿದ ಗ್ರಿಡ್‌ಎಫ್‌ಟಿಪಿ ಸಾಗಣೆ ವಿಧಾನ ಮೂಲೆಗೆ ಸರಿದು, ವೆಬ್ಬಿನ ಎಚ್‌ಟಿಟಿಪಿ ಅದರ ಜಾಗಕ್ಕೆ ಬಂದಿದೆ. ಸಣ್ಣ ಕೇಂದ್ರಗಳ ಮೆಚ್ಚಿನ ಡಿಪಿಎಂ ತಂತ್ರಾಂಶಕ್ಕೆ ಬೆಂಬಲ ನಿಂತಿದ್ದರಿಂದ, ಅದನ್ನು ಬಳಸುತ್ತಿದ್ದವರು ಡಿ-ಕ್ಯಾಶ್ ಅಥವಾ ಬೇರೆಯದಕ್ಕೆ ಹೊರಳಬೇಕಾಯಿತು. ಸರ್ಟಿಫಿಕೇಟಿನ ಜಾಗಕ್ಕೆ ಅಲ್ಪಾಯುಷಿ ಟೋಕನ್ನುಗಳು ಬರುತ್ತಿವೆ. ಅವುಗಳ ಜೊತೆಗೆ ಹೊಸ ಬಗೆಯ ದೋಷಗಳೂ. ಸಾವಿರಾರು ಫೈಲು ಸಾಲಿನಲ್ಲಿ ಕಾಯುತ್ತಿರುವಾಗ ಟೋಕನ್ನಿನ ಅವಧಿಯೇ ಮುಗಿದುಹೋದರೆ ಏನು ಮಾಡಬೇಕೆಂಬುದು ಹಳೆಯ ಕಾಲದವರನ್ನು ಇಷ್ಟಾಗಿ ಕಾಡದಿದ್ದ ಚಿಂತೆ. 2024ರ ಫೆಬ್ರವರಿಯಲ್ಲಿ ಎರಡು ವಾರ ನಡೆದ ಡೇಟಾ ಚಾಲೆಂಜ್ ಎಂಬ ಕಸರತ್ತಿನಲ್ಲಿ, ಮುಂದೆ ಬರಲಿರುವ ಹೆಚ್ಚು ತೀವ್ರತೆಯ ಕೊಲೈಡರಿಗೆ ಬೇಕಾಗುವ ಸಾಗಣೆಯ ಕಾಲು ಭಾಗವನ್ನು ಗುರಿಯಾಗಿಟ್ಟುಕೊಂಡು ಕೇಂದ್ರಗಳೆಲ್ಲ ಒಟ್ಟಿಗೆ ಡೇಟಾ ಹರಿಸಿದವು. ಟೋಕನ್ನುಗಳಿಗೂ ಅಲ್ಲಿ ದೊಡ್ಡ ಪ್ರಮಾಣದ ಪರೀಕ್ಷೆ ನಡೆಯಿತು.

ಹೊಸ ರೂಪದ ಆ ಕೊಲೈಡರ್ ಓಡತೊಡಗುವುದು 2030ರ ಹೊತ್ತಿಗೆ. ಅದಕ್ಕೆ ಮುಂಚೆ ಯಂತ್ರವನ್ನು ವರ್ಷಗಟ್ಟಲೆ ನಿಲ್ಲಿಸಿ ಬದಲಾಯಿಸಬೇಕು. ಆದರೆ ಘರ್ಷಣೆ ನಿಂತಾಗ ಭಂಡಾರಕ್ಕೆ ರಜೆ ಸಿಗುವುದಿಲ್ಲ. ಹಿಂದಿನ ಇಂಥ ಬಿಡುವಿನಲ್ಲಿ ಸರ್ನ್ ಹಳೆಯ ತಲೆಮಾರಿನ ಟೇಪುಗಳಲ್ಲಿದ್ದುದನ್ನೆಲ್ಲ ಹೊಸ ಟೇಪುಗಳಿಗೆ ನಕಲಿಸಿತ್ತು. ಹಾಗೆ ನಕಲಿಸುವಾಗ ವರ್ಷಗಳಿಂದ ಯಾರೂ ಮುಟ್ಟದ ಫೈಲುಗಳೂ ಓದಿಸಿಕೊಳ್ಳುತ್ತವೆ, ಪ್ರತಿಯೊಂದರ ಚೆಕ್‌ಸಮ್ ಹಳೆಯ ದಾಖಲೆಯೊಂದಿಗೆ ಹೋಲಿಕೆಯಾಗುತ್ತದೆ, ಹೊಂದದೆ ಇದ್ದವುಗಳ ಪಟ್ಟಿ ಬೇರೆ ಕೇಂದ್ರಗಳಿಗೆ ಹೋಗುತ್ತದೆ.